ಆಸೆಯನ್ನು ಖಳನಿಗೆ ಬಿಟ್ಟುಕೊಟ್ಟ ಅರಸರು

ಕನ್ನಡದ ಚಾರಿತ್ರಿಕ ಚಿತ್ರಗಳಲ್ಲಿ ನಾಯಕ ಸಿಂಹಾಸನಕ್ಕಾಗಿ ಆಸೆಪಡುವುದು ಅಪರೂಪ. ಅದು ನ್ಯಾಯವಾಗಿ ಅವನದೇ. ಯಾರೋ ಕಿತ್ತುಕೊಂಡಿದ್ದಾರೆ, ಅವನು ಮರಳಿ ಪಡೆಯುತ್ತಾನೆ ಅಷ್ಟೇ. ಅಧಿಕಾರದ ಹಸಿವು, ಹೆಣ್ಣಿನ ಮೇಲಿನ ಕಣ್ಣು, ಎದುರಾಳಿಯನ್ನು ಮುಗಿಸಿಬಿಡುವ ಛಲ ಎಲ್ಲವೂ ಖಳನ ಪಾಲಿಗೆ. ಈ ಹಂಚಿಕೆಯಿಂದಲೇ ಆ ಚಿತ್ರಗಳು ಜನರ ಮನಸ್ಸಿನಲ್ಲಿ ನಿಂತವು. ಅವು ಬೆಳೆಯದೆ ಉಳಿದದ್ದೂ ಇದರಿಂದಲೇ ಎಂಬುದು ನನ್ನ ವಾದ.

ಈ ಪರಂಪರೆ ಹುಟ್ಟಿದ ಹೊತ್ತನ್ನು ಮರೆತು ತೀರ್ಪು ಕೊಡುವುದು ಅನ್ಯಾಯ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಅದಾದ ನಾಲ್ಕು ವರ್ಷಕ್ಕೆ, ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಮೊದಲಾದವರು ಸೇರಿ ಕಟ್ಟಿಕೊಂಡ ಕಲಾವಿದರ ಸಂಘದಿಂದ ‘ರಣಧೀರ ಕಂಠೀರವ’ ಬಂತು. ಆಮೇಲೆ ‘ಕಿತ್ತೂರು ಚೆನ್ನಮ್ಮ’ (1961), ‘ಇಮ್ಮಡಿ ಪುಲಿಕೇಶಿ’ (1967), ‘ಶ್ರೀ ಕೃಷ್ಣದೇವರಾಯ’ (1970). ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಎರಡು ವರ್ಷಕ್ಕೆ, 1975ರಲ್ಲಿ, ‘ಮಯೂರ’. ಮೈಸೂರು, ಕಿತ್ತೂರು, ಬಾದಾಮಿ, ಹಂಪಿ, ಬನವಾಸಿ: ಹೊಸ ರಾಜ್ಯದ ಬೇರೆ ಬೇರೆ ಸೀಮೆಗಳಿಗೆ ಒಂದೊಂದು ಚಿತ್ರ ಸಂದಂತಾಯಿತು. ನಾಲ್ಕಾರು ಆಡಳಿತಗಳಲ್ಲಿ ಹರಿದುಹೋಗಿದ್ದ ಜನಕ್ಕೆ ಇದೆಲ್ಲ ನಮ್ಮದೇ ಎಂದು ಹೇಳಿಕೊಟ್ಟದ್ದರಲ್ಲಿ ಈ ಚಿತ್ರಗಳದು ದೊಡ್ಡ ಪಾಲು.

ಆ ಕೆಲಸಕ್ಕೆ ರಾಜ್‌ಕುಮಾರ್ ಅವರಂಥ ನಟ ದೊರೆತದ್ದು ಕನ್ನಡದ ಪುಣ್ಯ. ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿದ ದನಿ, ಉದ್ದನೆಯ ಮಾತನ್ನೂ ಉಸಿರು ತಪ್ಪದೆ ಹೇಳುವ ಶಕ್ತಿ, ಕಿರೀಟದ ಭಾರವನ್ನು ಹಗುರವಾಗಿ ಹೊರುವ ನಿಲುವು. ದರ್ಬಾರಿನ ದೃಶ್ಯದಲ್ಲಿ ಅವರು ನಿಂತರೆ ಸೆಟ್ಟಿನ ಬಡತನ ಕಣ್ಣಿಗೆ ಬೀಳುವುದಿಲ್ಲ. ಆದರೆ ನಾಡು ಅವರಲ್ಲಿ ಆದರ್ಶವನ್ನು ಕಾಣತೊಡಗಿದಂತೆ, ಅವರು ಆಡಿದ ಅರಸರೂ ತಪ್ಪು ಮಾಡುವ ಸ್ವಾತಂತ್ರ್ಯವನ್ನು ಕಳೆದುಕೊಂಡರು.

ಇದಕ್ಕೆ ‘ರಣಧೀರ ಕಂಠೀರವ’ವೇ ಮೊದಲ ಸಾಕ್ಷಿ. ಮೈಸೂರಿನ ದಳವಾಯಿ ವಿಕ್ರಮರಾಯ ಇಮ್ಮಡಿ ರಾಜ ಒಡೆಯರಿಗೆ ವಿಷವಿಕ್ಕಿಸಿದ. 1638ರಲ್ಲಿ ಪಟ್ಟಕ್ಕೆ ಬಂದ ಕಂಠೀರವ ನರಸರಾಜ ಒಡೆಯರು ಅವನನ್ನು ಮುಗಿಸಿದರು. ಇದೇ ವಸ್ತುವನ್ನು ಸಿನಿಮಾಕ್ಕೆ ಮೊದಲೇ ನಾಟಕಕಾರ ಸಂಸ ಕೈಗೆತ್ತಿಕೊಂಡಿದ್ದರು. ಅವರು ನಾಟಕಕ್ಕೆ ಇಟ್ಟ ಹೆಸರು ‘ವಿಗಡ ವಿಕ್ರಮರಾಯ’. ಗೆದ್ದ ಅರಸನನ್ನು ಬದಿಗಿರಿಸಿ, ಆಸೆಬುರುಕ ದಳವಾಯಿಯನ್ನೇ ನಡುವೆ ನಿಲ್ಲಿಸಿದರು. ಅರಮನೆಯಲ್ಲಿ ಕತ್ತಿ ಹಿರಿಯುವ ಮೊದಲು ಎಷ್ಟು ಲೆಕ್ಕಾಚಾರ, ಎಷ್ಟು ಭಯ, ಎಷ್ಟು ಹೊಂಚು ನಡೆಯುತ್ತದೆ ಎಂಬುದು ಅವರ ಕುತೂಹಲ. ಸಿನಿಮಾಕ್ಕೆ ಬಂದಾಗ ಹೆಸರೂ ಅರಸನದಾಯಿತು, ಕಥೆಯೂ ಅವನ ಪರಾಕ್ರಮದ್ದಾಯಿತು. ವಿಕ್ರಮರಾಯ ಸೋಲುವುದಕ್ಕೆಂದೇ ಇರುವ ಪಾತ್ರವಾದ.

‘ಮಯೂರ’ದಲ್ಲಿ ಈ ಬದಲಾವಣೆ ಇನ್ನೂ ಆಳಕ್ಕೆ ಹೋಗಿದೆ. ತಾಳಗುಂದದ ಶಾಸನದ ಮಯೂರಶರ್ಮ ವೇದ ಓದಲು ಕಂಚಿಗೆ ಹೋದ ಬ್ರಾಹ್ಮಣ ಯುವಕ. ಪಲ್ಲವರ ಅಶ್ವಾರೋಹಿಯೊಬ್ಬನೊಂದಿಗೆ ನಡೆದ ಜಗಳದಿಂದ ಕೆರಳಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿಯುತ್ತಾನೆ, ಕಾಡು ಸೇರುತ್ತಾನೆ, ಕಪ್ಪ ವಸೂಲಿ ಮಾಡುತ್ತಾನೆ, ಕೊನೆಗೆ ರಾಜ್ಯವನ್ನೇ ಕಟ್ಟುತ್ತಾನೆ. ಅವಮಾನ ಎಲ್ಲಿ ಮುಗಿಯಿತು, ಮಹತ್ವಾಕಾಂಕ್ಷೆ ಎಲ್ಲಿ ಮೊದಲಾಯಿತು? ಅದು ಅವನಿಗೇ ತಿಳಿದಿತ್ತೋ ಇಲ್ಲವೋ. ದೇವುಡು ಅವರ ಕಾದಂಬರಿಯನ್ನು ಆಧರಿಸಿದ ಚಿತ್ರದಲ್ಲಿ ಈ ಯುವಕ ಹುಟ್ಟಿನಿಂದಲೇ ಕದಂಬ ರಾಜಕುಮಾರ. ಬ್ರಾಹ್ಮಣರ ಮನೆಯಲ್ಲಿ ಬೆಳೆದಿದ್ದಾನೆ ಅಷ್ಟೇ. ಆ ಗುಟ್ಟು ಬಯಲಾದ ಗಳಿಗೆಯಿಂದ ಅವನ ಹೋರಾಟ ಪಿತ್ರಾರ್ಜಿತದ ವ್ಯಾಜ್ಯವಾಗುತ್ತದೆ. ಪ್ರೇಕ್ಷಕರ ಮನಸ್ಸು ನಿರಾಳವಾಗುತ್ತದೆ, ಚಪ್ಪಾಳೆ ಬೀಳುತ್ತದೆ. ಆದರೆ ಕಲ್ಲಿನ ಮೇಲಿನ ಮಯೂರನ ಕಥೆಯಲ್ಲಿದ್ದ ಅಪಾಯ, ತನ್ನದಲ್ಲದ್ದನ್ನು ತನ್ನದಾಗಿಸಿಕೊಳ್ಳುವ ಆ ಧೈರ್ಯ, ಕೈಬಿಟ್ಟುಹೋಗುತ್ತದೆ.

ಶೃಂಗಾರದ ಗತಿಯೂ ಇದೇ. ಉದ್ಯಾನದಲ್ಲಿ ಹಾಡು, ದರ್ಬಾರಿನಲ್ಲಿ ರಾಜಕಾರಣ. ಒಂದರ ನೆರಳು ಇನ್ನೊಂದರ ಮೇಲೆ ಬೀಳುವುದು ಕಡಿಮೆ. ಅರಮನೆಯಲ್ಲಿ ಮದುವೆಯೆಂದರೆ ಒಪ್ಪಂದ, ಮಗುವೆಂದರೆ ಹಕ್ಕುದಾರ, ರಾಣಿಯ ಅಂತಃಪುರವೆಂದರೆ ಇನ್ನೊಂದು ಮಂತ್ರಾಲೋಚನೆಯ ಮನೆ. ಹಾಡಿನ ರಾಣಿಗೆ ಇದೆಲ್ಲದರ ಅರಿವಿರುವುದಿಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಅದನ್ನು ಗಿರೀಶ ಕಾರ್ನಾಡರು ಎರಡು ಬಾರಿ ತೋರಿಸಿದರು. ‘ಒಂದಾನೊಂದು ಕಾಲದಲ್ಲಿ’ (1978) ಹೊಯ್ಸಳರ ಕಾಲದ ಕಥೆ, ಕುರೊಸಾವಾ ಚಿತ್ರಗಳ ಪ್ರಭಾವವನ್ನು ಮುಚ್ಚಿಡದ ಕೃತಿ. ಶಂಕರ್‌ನಾಗ್ ಅವರ ಗಂಡುಗಲಿ ಕೂಲಿಗೆ ಕತ್ತಿ ಹಿಡಿಯುವ ಯೋಧ. ಸುಂದರಕೃಷ್ಣ ಅರಸ್ ಅವರ ಪೆರ್ಮಾಡಿ ಅವನಿಗೆ ಸರಿಸಾಟಿ. ವೈರ ಇರುವುದು ಅವರ ಒಡೆಯರಾದ ಅಣ್ಣತಮ್ಮಂದಿರ ನಡುವೆ, ರಕ್ತ ಹರಿಸಬೇಕಾದವರು ಇವರು. ಇಲ್ಲಿ ಯಾರಿಗೂ ಪುಣ್ಯದ ಗುತ್ತಿಗೆ ಸಿಕ್ಕಿಲ್ಲ. ಎದುರಾಳಿಗಳಿಬ್ಬರ ನಡುವೆ ಹುಟ್ಟುವ ಗೌರವ, ದೊರೆಗಳ ನೀಚತನಕ್ಕೆ ಕೊಟ್ಟ ಉತ್ತರದಂತಿದೆ.

ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿ, ಶಶಿ ಕಪೂರ್ ನಿರ್ಮಾಣದಲ್ಲಿ ಕಾರ್ನಾಡರು ಹಿಂದಿಯಲ್ಲಿ ಮಾಡಿದ ‘ಉತ್ಸವ್’ (1984) ಇನ್ನೂ ಮುಂದೆ ಹೋಗುತ್ತದೆ. ಗಣಿಕೆ ವಸಂತಸೇನೆ ಮತ್ತು ಅವಳ ಪ್ರಿಯಕರ ಚಾರುದತ್ತನ ಹೆಂಡತಿ ಸವತಿಯರಂತೆ ಕಾದಾಡದೆ, ಒಡವೆಗಳ ನೆಪದಲ್ಲಿ ಗೆಳತಿಯರಾಗುತ್ತಾರೆ. ರಾಜನ ಭಾವಮೈದುನನೆಂಬ ಒಂದೇ ಬಲದಿಂದ ಮೆರೆದ ಸಂಸ್ಥಾನಕ, ಆ ರಾಜ ಉರುಳಿದ ಮೇಲೆ ಜನರಿಂದ ಏಟು ತಿಂದು, ತಾನು ಕೊಲ್ಲಲು ಹೋಗಿದ್ದ ವಸಂತಸೇನೆಯ ಬಾಗಿಲಿಗೇ ಬರುತ್ತಾನೆ. ಅವಳು ಅವನನ್ನು ಹೊರಗಟ್ಟುವುದಿಲ್ಲ. ಆ ಒಂದು ದೃಶ್ಯದಲ್ಲಿ ಕಾಮ, ಅಧಿಕಾರ, ಸೋಲು, ಕರುಣೆ ಎಲ್ಲವೂ ಇವೆ. ಖಳನೂ ಮನುಷ್ಯನೇ ಎಂದು ಒಪ್ಪಿಕೊಂಡಾಗ ಮಾತ್ರ ಇಂಥ ದೃಶ್ಯ ಬರೆಯಲು ಸಾಧ್ಯ.

ಈಚಿನ ಚಿತ್ರಗಳಿಗೆ ಹಣವಿದೆ, ಗ್ರಾಫಿಕ್ಸ್ ಇದೆ. ಕದಂಬರ ಕಾಲಕ್ಕೆ ಹೋಗುವ ‘ಕಾಂತಾರ: ಅಧ್ಯಾಯ 1’ (2025) ಪ್ರೇಮದೊಳಗೇ ರಾಜಕಾರಣವನ್ನು ಇಟ್ಟು ಹೊಸ ಬಾಗಿಲು ತೆರೆಯಿತು, ರಾಜಕುಮಾರಿ ಕನಕವತಿಯ ಪಾತ್ರದಲ್ಲಿ ಆ ಸಾಧ್ಯತೆ ಹೊಳೆಯುತ್ತದೆ. ಆದರೂ ಕಡೆಗೆ ದೈವವೇ ಬಂದು ಎಲ್ಲವನ್ನೂ ಇತ್ಯರ್ಥಪಡಿಸುವುದರಿಂದ, ಮನುಷ್ಯರು ತಮ್ಮ ಆಸೆಗೆ ತಾವೇ ಉತ್ತರ ಕೊಡುವ ಪ್ರಮೇಯ ಬರುವುದಿಲ್ಲ.

ವಸ್ತುವಿಗೆ ನಮ್ಮಲ್ಲಿ ಕೊರತೆಯಿಲ್ಲ. ಕೃಷ್ಣದೇವರಾಯ ಮತ್ತು ಮಂತ್ರಿ ತಿಮ್ಮರಸು ಅವರ ಕಥೆಯನ್ನೇ ನೋಡಿ. ಕೃಷ್ಣದೇವರಾಯನ ಕಣ್ಣು ಕೀಳಿಸಲು ಅಣ್ಣ ವೀರನರಸಿಂಹ ಆಜ್ಞೆ ಕೊಟ್ಟಾಗ, ತಿಮ್ಮರಸು ಮೇಕೆಯ ಕಣ್ಣುಗಳನ್ನು ತೋರಿಸಿ ಅವನನ್ನು ಉಳಿಸಿದ ಎಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದ್ದಾನೆ. ಮುಂದೆ ಎಳೆಯ ಮಗ ತಿರುಮಲ ಸತ್ತಾಗ, ವಿಷಪ್ರಾಶನದ ಸಂಶಯದಿಂದ ಅದೇ ತಿಮ್ಮರಸುವಿನ ಕಣ್ಣು ಕೀಳಿಸಿದವನು ಕೃಷ್ಣದೇವರಾಯ ಎಂದೂ ನ್ಯೂನಿಜನೇ ಬರೆದಿದ್ದಾನೆ. ಈ ಕಥೆಯಲ್ಲಿ ಮಗನನ್ನು ಕಳೆದುಕೊಂಡ ಅಪ್ಪನಿದ್ದಾನೆ, ಯಾರನ್ನೂ ನಂಬಲಾಗದ ಚಕ್ರವರ್ತಿಯಿದ್ದಾನೆ, ತಾನೇ ಬೆಳೆಸಿದ ಕೈಯಿಂದ ಶಿಕ್ಷೆ ಪಡೆಯುವ ಮುದುಕನಿದ್ದಾನೆ.

ಆ ಸಂಶಯವನ್ನು ಮೂರನೆಯವರ ಪಿತೂರಿಯ ತಲೆಗೆ ಕಟ್ಟದೆ ರಾಜನ ಮನಸ್ಸಿನಲ್ಲೇ ಬೆಳೆಯಗೊಡುವ ಚಿತ್ರ ನಮಗೆ ಬೇಕು. ನಾಡಿನ ಅಭಿಮಾನಕ್ಕೆ ಅದರಿಂದ ಕುಂದು ಬಾರದು. 1960ರಲ್ಲಿ ನಾವು ಯಾರು ಎಂದು ಹೇಳಿಕೊಳ್ಳುವ ಅಗತ್ಯವಿತ್ತು, ಆ ಚಿತ್ರಗಳು ಅದನ್ನು ಗಟ್ಟಿಯಾಗಿ ಹೇಳಿದವು. ನಮ್ಮ ಅರಸರು ಎಂಥವರಾಗಿದ್ದರು ಎಂದು ಕೇಳಿಕೊಳ್ಳುವಷ್ಟು ಆತ್ಮವಿಶ್ವಾಸ ಈಗ ಕನ್ನಡಕ್ಕಿದೆ. ಆ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳುವುದೇ ‘ರಣಧೀರ ಕಂಠೀರವ’ ಕಟ್ಟಿದವರಿಗೆ ಇಂದಿನ ನಿರ್ದೇಶಕರು ಸಲ್ಲಿಸಬಹುದಾದ ನಿಜವಾದ ಗೌರವ.