ಪಂಪಿಗೂ ಪೈಪಿಗೂ ನಡುವಿನ ಅರ್ಧ ಮೀಟರ್

ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡಾಡುವ ನ್ಯಾರೋಬೋಟಿನ ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರಿಗಿಂತ ಮೊದಲು ಸದ್ದು ಬರುತ್ತದೆ. ನಮ್ಮ ಮನೆಗಳಲ್ಲಿ ತಾರಸಿಯ ಟ್ಯಾಂಕಿನಿಂದ ನೀರು ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ. ಈ ದೋಣಿಗಳಲ್ಲಿ ಟ್ಯಾಂಕು ಇರುವುದು ಮೂತಿಯ ಅಡಿಯಲ್ಲಿ, ನಲ್ಲಿಗಿಂತ ಕೆಳಗೆ. ಹಾಗಾಗಿ ಒಂದು ಲೋಟ ನೀರು ಬೇಕಾದರೂ 12 ವೋಲ್ಟಿನ ಪಂಪು ಓಡಬೇಕು. ಅದು ಮೆತ್ತಗೆ ಗುನುಗುತ್ತದೋ, ಎರಡು ಮೀಟರ್ ಅಗಲದ ಉಕ್ಕಿನ ದೋಣಿಯೆಲ್ಲ ನಡುಗುವಂತೆ ಗದ್ದಲ ಎಬ್ಬಿಸುತ್ತದೋ ಎಂಬುದನ್ನು ಪಂಪಿನ ಬೆಲೆಗಿಂತ ಹೆಚ್ಚಾಗಿ ಅದರ ಬಾಯಿಗೆ ಪೈಪು ಜೋಡಿಸಿದ ರೀತಿ ನಿರ್ಧರಿಸುತ್ತದೆ.

ಶರ್ಫ್ಲೋ, ಜಬ್ಸ್ಕೊ, ವೇಲ್, ಯಾವ ಹೆಸರಿನದಾದರೂ ಈ ಪಂಪುಗಳ ಒಳಗುಟ್ಟು ಹೆಚ್ಚುಕಡಿಮೆ ಒಂದೇ. ಮೋಟರು ತಿರುಗಿದಂತೆ ಒಂದು ಓರೆ ತಟ್ಟೆ ಓಲಾಡುತ್ತದೆ. ಅದು ರಬ್ಬರಿನ ಡಯಾಫ್ರಮ್ಮನ್ನು ಒಂದಾದ ಮೇಲೊಂದು ಕೋಣೆಯಲ್ಲಿ ಒತ್ತಿ ಬಿಡುತ್ತದೆ. ನೀರು ಸಣ್ಣ ಸಣ್ಣ ಗುದ್ದುಗಳಾಗಿ ಹೊರಬೀಳುತ್ತದೆ. ನಲ್ಲಿ ಮುಚ್ಚಿ ಒತ್ತಡ ಎರಡು-ಮೂರು ಬಾರ್ ತಲುಪಿದೊಡನೆ ಪಂಪಿನ ತಲೆಯಲ್ಲಿರುವ ಸ್ವಿಚ್ಚು ಕರೆಂಟ್ ಕಡಿಯುತ್ತದೆ. ಅಂದರೆ ಪಂಪು ಓಡುವಷ್ಟು ಹೊತ್ತೂ ನಡುಗುತ್ತಲೇ ಇರುವ ಯಂತ್ರ.

ಅದರ ಮುಂದಿನ ಪ್ಲಾಸ್ಟಿಕ್ ಪೈಪಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಆ ಪೈಪನ್ನು ಜೋಡಿಸುವ ಪುಶ್-ಫಿಟ್ ಜಾಯಿಂಟ್ ನನಗೆ ತುಂಬ ಮೆಚ್ಚಿಗೆಯಾದ ವಸ್ತು. ನಮ್ಮ ಸಿಪಿವಿಸಿಯಂತೆ ಅಂಟು ಹಚ್ಚಬೇಕಿಲ್ಲ, ತಾಮ್ರದಂತೆ ಬೆಸೆಯಬೇಕಿಲ್ಲ, ಮರದ ಹಲಗೆ ಹೊದಿಸಿದ ಇಕ್ಕಟ್ಟಿನಲ್ಲಿ ಬೆಂಕಿ ಹಿಡಿದು ಕೂರಬೇಕಿಲ್ಲ. ಪೈಪನ್ನು ಕಟರಿನಿಂದ ನೇರವಾಗಿ ಕತ್ತರಿಸಿ, ತುದಿಯೊಳಗೆ ಗಟ್ಟಿ ತೋಳು ಕೂರಿಸಿ, ಫಿಟಿಂಗಿಗೆ ತಳ್ಳಿದರೆ ಸಾಕು. ಉಕ್ಕಿನ ಹಲ್ಲುಬಳೆ ಪೈಪನ್ನು ಕಚ್ಚಿಕೊಳ್ಳುತ್ತದೆ, ರಬ್ಬರಿನ ಓ-ರಿಂಗ್ ನೀರನ್ನು ತಡೆಯುತ್ತದೆ. ಆ ಒಳತೋಳನ್ನು ಬಿಟ್ಟರೆ ಪ್ಲಾಸ್ಟಿಕ್ ಪೈಪು ಕಾಲಕ್ರಮೇಣ ಮೊಟ್ಟೆಯಾಕಾರಕ್ಕೆ ಒತ್ತಿಕೊಳ್ಳುತ್ತದೆ. ಹ್ಯಾಕ್ಸಾ ಬಳಸಿದರೆ ಉಳಿಯುವ ಚೂಪು ಅಂಚು ಓ-ರಿಂಗನ್ನೇ ಸೀಳುತ್ತದೆ. ತಳ್ಳುವಾಗ ಹಲ್ಲುಬಳೆ ಕಚ್ಚಿದ ಕೂಡಲೇ ಕೂತಿತೆಂದು ಅನಿಸಿಬಿಡುತ್ತದೆ. ಓ-ರಿಂಗನ್ನು ದಾಟಲು ಇನ್ನೊಂದು ಗಟ್ಟಿ ತಳ್ಳು ಬೇಕು. ಎಷ್ಟು ಆಳ ಹೋಗಬೇಕೆಂದು ಪೈಪಿನ ಮೇಲೆ ಮೊದಲೇ ಗೆರೆ ಹಾಕಿಕೊಳ್ಳುವುದು ಅದಕ್ಕಾಗಿಯೇ.

ಹೀಗೆ ಕೂತ ಜಾಯಿಂಟು ಪಂಪು ಕೊಡುವ ಒತ್ತಡದ ಹಲವು ಪಟ್ಟನ್ನು ತಡೆಯುತ್ತದೆ. ಒತ್ತಡಕ್ಕೆ ಅದು ಅಂಜುವುದಿಲ್ಲ. ಅದನ್ನು ಸವೆಸುವುದು ಬಿಡುವಿಲ್ಲದ ಅಲುಗಾಟ. ಪಂಪಿನ ಬಾಯಿಗೆ ಒಂದು ಎಲ್ಬೋ, ಎಲ್ಬೋಗೆ ನೇರ 15 ಮಿ.ಮೀ. ಪೈಪು ಎಂದು ಬಿಗಿದುಬಿಟ್ಟರೆ, ಪ್ರತಿ ಗುದ್ದಿಗೂ ಪೈಪು ಬಳೆಯೊಳಗೆ ಹಿಂದೆಮುಂದೆ ಸರಿದಾಡುತ್ತದೆ. ಆ ನಡುಕ ಪೈಪಿನುದ್ದಕ್ಕೂ ಸಾಗಿ, ಪೈಪು ತಾಗಿದ ಹಲಗೆಗಳೆಲ್ಲ ತಂಬೂರಿಯ ಬುರುಡೆಯಂತೆ ಮೊಳಗುತ್ತವೆ. ದುಬಾರಿ ಪಂಪು ತಂದು ಹೀಗೆ ಜೋಡಿಸಿರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪರಿಹಾರ ಸುಮಾರು ಅರ್ಧ ಮೀಟರ್ ಬಳುಕುವ ಹೋಸು; ಒಳಬಾಯಿಗೊಂದು, ಹೊರಬಾಯಿಗೊಂದು. ಪಂಪನ್ನು ಅದರ ರಬ್ಬರ್ ಕಾಲುಗಳ ಮೇಲೆ ನಿಲ್ಲಿಸಿ, ಸ್ಕ್ರೂಗಳನ್ನು ರಬ್ಬರು ನಜ್ಜಾಗುವಷ್ಟು ಬಿಗಿಯದೆ, ಹೋಸಿಗೆ ಸಣ್ಣ ಬಾಗು ಬಿಟ್ಟು ಜೋಡಿಸಬೇಕು. ಒಂದು ತುದಿಗೆ ಥ್ರೆಡ್ಡಿನ ನಟ್, ಇನ್ನೊಂದು ತುದಿಗೆ 15 ಮಿ.ಮೀ. ಪುಶ್-ಫಿಟ್ ಇರುವ, ಜಾಲರಿ ಹೆಣೆದ ಹೋಸು ಸಿದ್ಧವಾಗಿಯೇ ಸಿಗುತ್ತದೆ. ಆದರೆ ಸಿಂಕಿನ ಕೆಳಗೆ ಹಾಕುವ ಸಾಮಾನ್ಯ ಹೋಸಿನ ಒಳರಂಧ್ರ ಕಿರಿದು, ನೀರಿನ ಹರಿವನ್ನು ಹಿಡಿದುಬಿಡುತ್ತದೆ. ಪೂರ್ಣ ರಂಧ್ರದ್ದನ್ನೇ ಕೇಳಿ ತರಬೇಕು. ನನ್ನ ಆಯ್ಕೆ ಬೇರೆ. ಕುಡಿಯುವ ನೀರಿಗೆಂದೇ ಮಾಡಿದ ಗಟ್ಟಿ ಹೋಸನ್ನು ಪಂಪಿನ ಮುಳ್ಳುಮೂತಿಗೆ ತೊಡಿಸಿ ಸ್ಟೇನ್‌ಲೆಸ್ ಕ್ಲಿಪ್ ಬಿಗಿಯುವುದು. ಮತ್ತೊಂದು ತುದಿಗೆ 15 ಮಿ.ಮೀ. ಕಾಂಡವಿರುವ ಮೂತಿ ಹಾಕಿ ಆ ಕಾಂಡವನ್ನು ಪುಶ್-ಫಿಟ್ಟಿಗೆ ತಳ್ಳುವುದು. ಪಾರದರ್ಶಕ ಹೋಸು ಬೇಡ. ಬೆಳಕು ಬಿದ್ದರೆ ಒಳಗೆ ಪಾಚಿ ಕಟ್ಟುತ್ತದೆ.

ಹೀರುವ ಬದಿಯಲ್ಲಂತೂ ನಾನು ಹೋಸು-ಕ್ಲಿಪ್ ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಹೊರಬಾಯಿಯ ಸೋರಿಕೆ ಕಣ್ಣಿಗೆ ಕಾಣುತ್ತದೆ, ನೆಲ ಒದ್ದೆಯಾಗುತ್ತದೆ. ಒಳಬಾಯಿಯ ಸೋರಿಕೆಯಲ್ಲಿ ಹನಿ ನೀರೂ ಹೊರಬಾರದೆ ಗಾಳಿ ಒಳಸೇರಬಹುದು. ಆಗ ನಲ್ಲಿ ಕೆಮ್ಮುತ್ತದೆ, ಪಂಪು ಒತ್ತಡ ಕಟ್ಟಲಾಗದೆ ಓಡುತ್ತಲೇ ಇರುತ್ತದೆ, ಜನ ಪಂಪೇ ಕೆಟ್ಟಿತೆಂದು ಹೊಸದು ತರುತ್ತಾರೆ. ಹೀರುವಿಕೆಗೆ ಚಪ್ಪಟೆಯಾಗದಂತೆ ಸುರುಳಿ ಬಲವಿರುವ ಹೋಸು, ಅದಕ್ಕೂ ಪಂಪಿಗೂ ನಡುವೆ ಕಸ ತಡೆಯುವ ಜಾಲರಿ, ಇಷ್ಟು ಇರಲೇಬೇಕು.

ಇನ್ನು ಥ್ರೆಡ್ಡಿನ ಮಾತು. ಪಂಪಿನ ಬಾಯಿ "ಅರ್ಧ ಇಂಚು" ಎಂದಿದ್ದರೂ ಅಳೆದರೆ ಹೊರಮೈ ಸುಮಾರು 21 ಮಿ.ಮೀ. ಇರುತ್ತದೆ. ಆ ಹೆಸರು ಹಳೆಯ ಕಬ್ಬಿಣದ ಪೈಪಿನ ಒಳಗಂಡಿಯಿಂದ ಉಳಿದುಬಂದದ್ದು. ನಮ್ಮಲ್ಲೂ ಅಂಗಡಿಯ ಅರ್ಧ ಇಂಚಿನ ಸಿಪಿವಿಸಿ ಪೈಪು ಹೊರಗಿನಿಂದ 15.9 ಮಿ.ಮೀ.; ಬ್ರಿಟನ್ನಿನ 15 ಮಿ.ಮೀ. ಫಿಟಿಂಗಿಗೆ ಅದು ಹೋಗದು. ಅಳತೆಗಿಂತ ದೊಡ್ಡ ತೊಡಕು ಕೋನದ್ದು. ಬ್ರಿಟಿಷ್ ಪೈಪ್ ಥ್ರೆಡ್ಡಿನದು ಜೋಸೆಫ್ ವಿಟ್ವರ್ತ್ 1841ರಲ್ಲಿ ಮುಂದಿಟ್ಟ 55 ಡಿಗ್ರಿ ಕೋನ, ನಮ್ಮ ಮನೆಯ ನಲ್ಲಿಗಳೂ ಅದನ್ನೇ ಹೊತ್ತಿವೆ. ಅಮೆರಿಕದ್ದು ವಿಲಿಯಂ ಸೆಲರ್ಸ್ 1864ರಲ್ಲಿ ಪ್ರತಿಪಾದಿಸಿದ 60 ಡಿಗ್ರಿ. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತುಗಳೇ. ಅದರಿಂದಲೇ ಅಮೆರಿಕನ್ ಪಂಪಿಗೆ ಬ್ರಿಟಿಷ್ ನಟ್ ಎರಡು-ಮೂರು ಸುತ್ತು ಸಲೀಸಾಗಿ ಏರಿ ನಂಬಿಸುತ್ತದೆ, ಆಮೇಲೆ ಸೋರುತ್ತದೆ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಒಡೆಯುವುದು ಪಂಪಿನ ಪ್ಲಾಸ್ಟಿಕ್ ಬಾಯಿ. ಸುತ್ತು ಸುತ್ತು ಬಿಳಿ ಟೇಪ್ ಸುತ್ತುವುದೂ ಉತ್ತರವಲ್ಲ. ಕೈಪಿಡಿ ನೋಡಿ ಯಾವ ಥ್ರೆಡ್ ಎಂದು ಖಾತ್ರಿ ಮಾಡಿಕೊಂಡು, ಸರಿಯಾದ ಅಡಾಪ್ಟರ್ ತಂದು, ಚಪ್ಪಟೆ ವಾಷರ್ ಮೇಲೆ ಕೂರುವ ನಟ್ಟನ್ನು ಕೈಯಲ್ಲೇ ಬಿಗಿದರೆ ಸಾಕು.

ಕೆಲಸ ಮುಗಿದ ಮೇಲೆ ನಲ್ಲಿಗಳನ್ನೆಲ್ಲ ಮುಚ್ಚಿ, ಪಂಪಿನ ಸ್ವಿಚ್ ಹಾಕಿಟ್ಟು ಒಂದು ರಾತ್ರಿ ಕಿವಿಗೊಟ್ಟಿರಬೇಕು. ಯಾರೂ ನೀರು ಮುಟ್ಟದೆ ಪಂಪು ಒಮ್ಮೆ ಗುರ್ರೆಂದರೂ ಎಲ್ಲೋ ಒತ್ತಡ ಇಳಿಯುತ್ತಿದೆ ಎಂದರ್ಥ. ಡಿಸೆಂಬರಿನ ಹಿಮ ಬೀಳುವ ಮುನ್ನ ಈ ಹೋಸುಗಳು ಇನ್ನೊಂದು ಉಪಕಾರ ಮಾಡುತ್ತವೆ. ಬೂದುಬಣ್ಣದ ಪಾಲಿಬ್ಯುಟಿಲೀನ್ ಪೈಪು ಒಳಗೆ ನೀರು ಹೆಪ್ಪುಗಟ್ಟಿದರೂ ಸಾಮಾನ್ಯವಾಗಿ ಹಿಗ್ಗಿ ತಾಳಿಕೊಳ್ಳುತ್ತದೆ, ಪಂಪಿನ ಬಾಯಿ ಬಿರಿಯುತ್ತದೆ. ಟ್ಯಾಂಕಿನ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತೆರೆದು ಸಾಲಿನ ನೀರು ಇಳಿಸಿ, ಎರಡೂ ಹೋಸು ಕಳಚಿ, ಪಂಪನ್ನು ಕೆಲವು ಕ್ಷಣ ಖಾಲಿ ಓಡಿಸಿದರೆ ಉಳಿದ ನೀರು ಉಗುಳಿಹೋಗುತ್ತದೆ. ಡಯಾಫ್ರಮ್ ಪಂಪಿಗೆ ಅದರಿಂದ ಕೇಡಿಲ್ಲ. ಹೆಚ್ಚು ಚಳಿಯಿದ್ದರೆ ನಾಲ್ಕು ಸ್ಕ್ರೂ, ಎರಡು ತಂತಿ ಬಿಚ್ಚಿ ಅದನ್ನು ಮನೆಗೇ ಒಯ್ಯಬಹುದು.