ಟೆಕ್ಮೆಸ್ಸೆಯ ಮೌನ

ಯುದ್ಧದ ಕಾವ್ಯವನ್ನು ಓದುವಾಗ ನಮ್ಮ ದೃಷ್ಟಿಯು ವೀರನ ಮೇಲೆಯೇ ನೆಲಸುವುದು ಸಹಜ. ಅವನ ನೋವನ್ನು ಅನುದಿನವೂ ಹೊರುವ ಮನೆಯವರ ಪಾಡೇನೆಂದು ಕೇಳಿದ ಕವಿಗಳು ವಿರಳ. ಗ್ರೀಕರ ಸಾಫೊಕ್ಲೀಸನು ಅಂಥವರಲ್ಲಿ ಒಬ್ಬನು. ಸ್ವತಃ ಅಥೆನ್ಸಿನ ಸೇನಾನಿಗಳಲ್ಲೊಬ್ಬನಾಗಿದ್ದ ಈತನಿಗೆ ದಂಡಿನ ಬಾಳು ಬರಿಯ ಕೇಳಿಕೆಯ ವಿಷಯವಾಗಿರಲಿಲ್ಲ.

ಕ್ರಿ. ಪೂ. 409ರಲ್ಲಿ ಪ್ರದರ್ಶಿತವಾದ ‘ಫಿಲೊಕ್ಟೀಟಿಸ್’ ನಾಟಕದ ನಾಯಕನ ಕಾಲಿನ ಹುಣ್ಣು ಮಾಯುವುದೇ ಇಲ್ಲ. ಅವನ ಚೀರಾಟವನ್ನೂ ವ್ರಣದ ನಾತವನ್ನೂ ಸಹಿಸಲಾರದೆ ಜೊತೆಯ ದಂಡೇ ಅವನನ್ನು ಲೆಮ್ನಾಸ್ ದ್ವೀಪದಲ್ಲಿ ಬಿಟ್ಟು ಹೋಗಿರುವುದು. ನಮ್ಮ ಸೌಪ್ತಿಕಪರ್ವದ ಅಶ್ವತ್ಥಾಮನಿಗೂ ಮೂರು ಸಾವಿರ ವರ್ಷ ಕೀವುರಕ್ತಗಳ ನಾತದೊಡನೆ ಒಂಟಿಯಾಗಿ ಅಲೆಯುವ ಶಾಪ. ನೋವನ್ನು ಕೇಳುವವರಿಲ್ಲದಿರುವುದೇ ಇಬ್ಬರಿಗೂ ಘೋರತರವಾದ ದಂಡನೆ.

‘ಏಜಾಕ್ಸ್’ ನಾಟಕದಲ್ಲಿಯಾದರೋ ಕೇಳುವವಳೊಬ್ಬಳಿರುವಳು. ಇದನ್ನೇ ಆಧಾರವಾಗಿಟ್ಟುಕೊಂಡು ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ಕನ್ನಡಕ್ಕಿತ್ತರು. ಮೂಲದ ಟೆಕ್ಮೆಸ್ಸೆಯು ಸೆರೆಯಾಗಿ ಬಂದು ಏಜಾಕ್ಸನ ಮಡದಿಯಾಗಿ ಬಾಳುವವಳು, ಅವನ ಮಗುವಿನ ತಾಯಿ. ಮತಿಗೆಟ್ಟು ದನಕುರಿಗಳನ್ನು ಶತ್ರುಗಳೆಂದು ಅವನು ಕಡಿದ ಆ ರಾತ್ರಿ ಬಿಡಾರದೊಳಗೆ ನಡೆದುದನ್ನು ಊಳಿಗದ ನಾವಿಕರಿಗೆ ತಿಳಿಸುವವಳು ಅವಳೇ. ಭ್ರಾಂತಿಯಿದ್ದಾಗ ದುಃಖವು ಮನೆಯವರದು ಮಾತ್ರ, ಅರಿವು ಮರಳಿದ ಮೇಲೆ ಇಬ್ಬರದೂ ಎಂದು ಅವಳು ಎಣಿಕೆ ಹಾಕುವಳು. ಮಾಯದ ನೋವಿರುವ ಸಂಸಾರದ ಲೆಕ್ಕವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

ಏಜಾಕ್ಸನ ಆತ್ಮಹತ್ಯೆಯ ಬಳಿಕ ನಾಟಕವು ಶವಸಂಸ್ಕಾರದ ವಾದಕ್ಕೆ ತಿರುಗುವುದು. ಈ ಉತ್ತರಾರ್ಧವು ಸಡಿಲವೆಂದು ವಿಮರ್ಶಕರು ಆಕ್ಷೇಪಿಸಿರುವರು. ನನಗೆ ಕಾಣುವ ಕೊರತೆ ಬೇರೆ. ಶವವನ್ನು ಮೊದಲು ಕಂಡು ವಸ್ತ್ರ ಹೊದಿಸಿದ ಟೆಕ್ಮೆಸ್ಸೆಗೆ ಆಮೇಲೆ ಒಂದು ಮಾತೂ ಇಲ್ಲ. ಮಗುವಿನೊಡನೆ ಮರಳಿ ಬಂದು ಸುಮ್ಮನಿರುವಳು. ಮಾತನಾಡುವ ನಟರು ಮೂವರೇ ಎಂಬ ರಂಗನಿಯಮವು ಇದಕ್ಕೆ ಕಾರಣವಾಗಿರಬಹುದು. ಕಾರಣವೇನೇ ಇರಲಿ, ಅರಸರು ವಾದಿಸುತ್ತಿರಲು ವಿಧವೆಯು ಮೂಕಳಾಗಿರುವ ಆ ನೋಟ ಲೋಕಸತ್ಯವೇ ಆಗಿರುವುದು.

2008ರಲ್ಲಿ ಬ್ರಯನ್ ಡೋರೀಸ್ ಎಂಬವರು ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ ಈ ಎರಡು ನಾಟಕಗಳ ದೃಶ್ಯಗಳನ್ನು ಮರೀನ್ ದಳದ ಯೋಧರ ಮತ್ತು ಅವರ ಮಡದಿಯರ ಮುಂದೆ ಓದಿಸಿದರು. ಓದು ಮುಗಿದ ಮೇಲೆ ಸಭೆಯಲ್ಲಿ ಮಡದಿಯರೂ ಎದ್ದು ತಮ್ಮ ಮನೆಗಳ ಕಥೆಯನ್ನು ಹೇಳಿದರು. ಟೆಕ್ಮೆಸ್ಸೆಯು ಎಲ್ಲಿ ಮಾತು ನಿಲ್ಲಿಸಿದಳೋ ಅಲ್ಲಿಂದ ಅವರು ಮುಂದುವರಿಸಿದರೆನ್ನಬೇಕು. ವಾಚಕರು ‘ಅಶ್ವತ್ಥಾಮನ್’ ನಾಟಕವನ್ನು ಮತ್ತೆ ತೆರೆದಾಗ ವೀರನ ಗರ್ಜನೆಗೆ ಮಾತ್ರವಲ್ಲದೆ ಅವನ ಮನೆಯವರ ಮಾತಿಗೂ ಮೌನಕ್ಕೂ ಕಿವಿಗೊಡಬೇಕೆಂದು ನನ್ನ ವಿಜ್ಞಾಪನೆ.