ಲೇಖಕರು ಕೊಟ್ಟ ಪ್ರತಿ, ನಾವು ಹಂಚಿದ ಪ್ರತಿ

ಹೊಸ ಕಾದಂಬರಿಯೊಂದರ ಪಿಡಿಎಫ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತದೆ. ಲೇಖಕರು ಬೇಸರ ತೋಡಿಕೊಳ್ಳುತ್ತಾರೆ. ಆಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ದೇವನೂರ ಮಹಾದೇವ ಬಿಟ್ಟುಕೊಡಲಿಲ್ಲವೇ? ನಿರಂಜನರ ಪುಸ್ತಕಗಳು ಪುಕ್ಕಟೆ ಸಿಗುವುದಿಲ್ಲವೇ? ಎರಡೂ ಒಳ್ಳೆಯ ಉದಾಹರಣೆಗಳೇ. ಆದರೆ ಅವು ಕೇಳುವವರ ವಾದವನ್ನು ಬೆಂಬಲಿಸುವುದಿಲ್ಲ.

2022ರಲ್ಲಿ ಬಂದ 'ಆರ್‌ಎಸ್‌ಎಸ್: ಆಳ ಮತ್ತು ಅಗಲ' ಕಿರುಪುಸ್ತಕವನ್ನು ಮಹಾದೇವ ಒಬ್ಬ ಪ್ರಕಾಶಕರ ಕೈಗೆ ಕೊಡಲಿಲ್ಲ, ಹಲವರು ಏಕಕಾಲಕ್ಕೆ ಅಚ್ಚು ಹಾಕಲು ಬಿಟ್ಟರು. ಬೆಲೆ 40 ರೂಪಾಯಿ. ಅದರ ವಿಚಾರವನ್ನು ಒಪ್ಪುವವರೂ ಒಪ್ಪದವರೂ ಒಂದನ್ನು ಗಮನಿಸಬೇಕು: ಸಾರ್ವಜನಿಕ ಚರ್ಚೆಗೆಂದೇ ಬರೆದ ಪುಸ್ತಕಕ್ಕೆ ಅದಕ್ಕೊಪ್ಪುವ ಹಂಚಿಕೆಯನ್ನೂ ಲೇಖಕರೇ ಯೋಚಿಸಿದ್ದರು. ಆ ತೀರ್ಮಾನ ಆ ಪುಸ್ತಕಕ್ಕೆ ಸಂಬಂಧಿಸಿದ್ದು. ಅದನ್ನು 'ಕುಸುಮಬಾಲೆ'ಗೂ ನಾವೇ ಹಿಗ್ಗಿಸಿಕೊಂಡರೆ ತೀರ್ಮಾನ ಅವರದಾಗುವುದಿಲ್ಲ, ನಮ್ಮದಾಗುತ್ತದೆ.

ನಿರಂಜನರು ತೀರಿಕೊಂಡದ್ದು 1991ರಲ್ಲಿ. ನಮ್ಮ ಕಾನೂನಿನಂತೆ ಲೇಖಕರ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಅಂದರೆ 2051ರ ಕೊನೆಯವರೆಗೆ. ಕುಟುಂಬದವರು ಅಷ್ಟು ಕಾಯದೆ 2014ರಲ್ಲೇ ಅವರ ಕೃತಿಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿದರು. ಕಯ್ಯೂರಿನ ರೈತರ ಹೋರಾಟದ 'ಚಿರಸ್ಮರಣೆ' ಬರೆದವರಿಗೆ ಇದು ಒಪ್ಪುವ ಗೌರವ. ಯಾರು ಬೇಕಾದರೂ ಹಂಚಬಹುದು, ಅಚ್ಚು ಹಾಕಿ ಮಾರಲೂಬಹುದು. ಆದರೆ ಲೇಖಕರ ಹೆಸರು ಹೇಳಬೇಕು. ಬದಲಿಸಿ ಹಂಚಿದರೆ ಅದನ್ನೂ ಇದೇ ಪರವಾನಗಿಯಲ್ಲಿ ಕೊಡಬೇಕು. ಕೊಡುಗೆಗೂ ಷರತ್ತುಗಳಿವೆ.

ಗುಂಪುಗಳಲ್ಲಿ ಬರುವ ಪಿಡಿಎಫ್‌ಗಳಲ್ಲಿ ಎಷ್ಟೋ ಸಲ ಮೊದಲು ಕಾಣೆಯಾಗುವುದು ಆ ಷರತ್ತುಗಳಿದ್ದ ಪುಟವೇ. ಪ್ರಕಾಶಕರು ಯಾರು, ಎಷ್ಟನೆಯ ಮುದ್ರಣ, ಯಾವ ವರ್ಷ ಎಂಬುದೇನೂ ಇರುವುದಿಲ್ಲ. ಸಂಶೋಧನೆಯಲ್ಲಿರುವ ನನಗೆ ಅದು ಅರ್ಧ ಪುಸ್ತಕ. ಲೇಖಕರು ತಿದ್ದಿದ ಪಾಠವೋ ತಿದ್ದುವ ಮೊದಲಿನದೋ ತಿಳಿಯದೆ ಅದನ್ನು ಉಲ್ಲೇಖಿಸುವುದು ಹೇಗೆ? ಲೇಖಕರ ಬೇಸರವನ್ನು ನಾವು ಹಣದ ಮಾತೆಂದು ಓದುತ್ತೇವೆ. ತನ್ನ ಪುಸ್ತಕ ಯಾವ ರೂಪದಲ್ಲಿ ಓದುಗರ ಮುಂದೆ ನಿಲ್ಲಬೇಕೆಂಬ ಹಟವೂ ಅದರಲ್ಲಿದೆ.

ಹಣದ ಮಾತೂ ಚಿಕ್ಕದಲ್ಲ. 200 ರೂಪಾಯಿಯ ಪುಸ್ತಕಕ್ಕೆ ಶೇ 10ರ ಗೌರವಧನವೆಂದರೂ ಲೇಖಕರಿಗೆ ಸಿಗುವುದು 20 ರೂಪಾಯಿ. ಹೆಚ್ಚಿನ ಪೆಟ್ಟು ಬೀಳುವುದು ಇನ್ನೂ ಬರದ ಪುಸ್ತಕಕ್ಕೆ. ಮೊದಲ ಮುದ್ರಣದ ಸಾವಿರ ಪ್ರತಿ ಖರ್ಚಾಗದಿದ್ದರೆ ಸಣ್ಣ ಪ್ರಕಾಶಕರು ಮುಂದಿನ ಸಲ ಹೊಸಬರ ಹಸ್ತಪ್ರತಿಗೆ ಕೈಹಾಕಲು ಹಿಂದೇಟು ಹಾಕುತ್ತಾರೆ.

ಹಾಗೆಂದು ಓದುಗರೆಲ್ಲ ಕಳ್ಳರಲ್ಲ. ಲಕ್ಷ್ಮಣತೀರ್ಥದ ದಂಡೆಯ ನಮ್ಮ ಕಟ್ಟೆಮಳಲವಾಡಿಯವರು ಹೊಸ ಕಾದಂಬರಿ ಬೇಕೆಂದರೆ ಹುಣಸೂರು ದಾಟಿ ಮೈಸೂರಿಗೆ ಹೋಗಬೇಕು. ಬಸ್ಸಿನ ಹಣವೇ ಪುಸ್ತಕದ ಬೆಲೆಯ ಹತ್ತಿರ ಬರುತ್ತದೆ. ಮರುಮುದ್ರಣ ಕಾಣದ ಪುಸ್ತಕವಾದರೆ ಮೈಸೂರಿನಲ್ಲೂ ಸಿಗದು. ಈ ಕೊರತೆಗೆ ಲೇಖಕರ ಸಿಟ್ಟು ಉತ್ತರವಲ್ಲ. ಇ-ಪುಸ್ತಕ, ಮರುಮುದ್ರಣ, ಊರ ಗ್ರಂಥಾಲಯಗಳು ಉತ್ತರ. ಆ್ಯಪ್‌ಗಳಿಂದ ಕನ್ನಡ ಪುಸ್ತಕ ಈಗ ಹಳ್ಳಿಯ ಫೋನಿಗೂ ಬರುತ್ತದೆ. ಮೈಸೂರಿನ ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ. 2024ರ ಜನವರಿಯಿಂದ ಅವರ ಬದುಕಿನ ಕಾಲದಲ್ಲಿ ಪ್ರಕಟವಾದ ಕಾದಂಬರಿಗಳು ಎಲ್ಲರ ಸ್ವತ್ತು. ಅವನ್ನು ಅಚ್ಚುಕಟ್ಟಾಗಿ ಟೈಪಿಸಿ, ಕರಡು ತಿದ್ದಿ ಹಂಚುವವರು ಬೇಕಾಗಿದ್ದಾರೆ. ಹಂಚುವ ಉತ್ಸಾಹಕ್ಕೆ ಅಲ್ಲಿ ಬೇಕಾದಷ್ಟು ಕೆಲಸವಿದೆ.

ಪಿಡಿಎಫ್ ಮುಂದೂಡುವ ಮೊದಲು ಎರಡು ಪ್ರಶ್ನೆ ಸಾಕು. ಈ ಪುಸ್ತಕ ಕೊಳ್ಳಲು ಸಿಗುತ್ತದೆಯೇ? ಇದನ್ನು ಹಂಚಬಹುದೆಂದು ಹೇಳಿದವರು ಯಾರು? ಮಹಾದೇವರ ಕಿರುಪುಸ್ತಕಕ್ಕೂ ನಿರಂಜನರ ಕೃತಿಗಳಿಗೂ ಎರಡನೆಯ ಪ್ರಶ್ನೆಗೆ ಸ್ಪಷ್ಟ ಉತ್ತರವಿದೆ. ಉತ್ತರವಿಲ್ಲದ ಕಡೆ ಅವರ ಹೆಸರನ್ನು ಎಳೆದು ತರುವುದು ಅವರ ಔದಾರ್ಯಕ್ಕೆ ಮಾಡುವ ಅಪಚಾರ.